‘ನೋಡೋಣ ಬಿಡಿ’ ಅನ್ನೋದು ಉತ್ತರಾನಾ?

ನಮ್ಮ ಹಾಸನ, ಹೊಳೆನರಸೀಪುರದ ಕಡೆ ‘ಆಗಲ್ಲ’ ಅನ್ನೋಕೆ ನಾಲಿಗೆ ಹೊರಳಲ್ಲ ಕಣ್ರೀ. ‘ನೋಡೋಣ ಬಿಡಿ’, ‘ನಾಳೆ ಕೊಟ್ಟು ಕಳಿಸ್ತೀನಿ’ ಅಂತೀವಿ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಬೆಟ್ಟದ ಮೇಲೆ ಹೇಳಿದ್ದರ ತಿರುಳು ಇಷ್ಟೇ: ಆಣೆಗೀಣೆ ಬೇಡ, ಆಗುತ್ತೋ ಇಲ್ವೋ ನೇರವಾಗಿ ಹೇಳಿ. ಇಂಗ್ಲೆಂಡಿನ ಕ್ವೇಕರ್ ಪಂಥದವರು ಕೋರ್ಟಲ್ಲೂ ಆಣೆ ಇಡದೆ ಜೈಲಿಗೆ ಹೋದ್ರು; ಅಂಗಡೀಲಿ ಚೌಕಾಸಿ ಬಿಟ್ಟು ಒಂದೇ ಬೆಲೆ ಹೇಳಿದ್ರು. ನಮ್ಮ ಪುಣ್ಯಕೋಟಿ ಹುಲಿಯ ಹತ್ರ ವಾಪಸ್ ಹೋಗಿದ್ದೂ ಕೊಟ್ಟ ಮಾತಿಗೇ.

ಮಹಿಳಾ ಸಂಘದ ಸಾಲಕ್ಕೆ ಒಡವೆ ಅಡ ಇಡಲ್ಲ, ಮಾತೇ ಅಡ. ಒಬ್ಬರು ‘ನಾಳೆ’ ಅಂದು ಕಟ್ಟದಿದ್ರೆ ಇನ್ನೊಬ್ಬರ ಮಗುವಿನ ಫೀಸು ನಿಲ್ಲುತ್ತೆ. ಮುಖ ನೋಡಿ ‘ಹ್ಞೂಂ’ ಅನ್ನೋದು ಮರ್ಯಾದೆ ಅಲ್ಲ. ಆಗದಿದ್ರೆ ಇವತ್ತೇ ಹೇಳಿಬಿಡಿ. ಕಾಯೋರು ಬೇರೆ ದಾರಿ ನೋಡ್ಕೊಳ್ತಾರೆ.