ಸೀಮೆ ಹಸುವೂ ನಮ್ಮ ಹವೆಯೂ

ಬಾಗಲಗುಂಟೆಯ ಕಡೆ ಹೋದಾಗಲೆಲ್ಲ ಜಮೀನುದಾರರು ನನ್ನನ್ನು ಕೇಳುವುದು ಒಂದೇ ಮಾತು: ಹೆಚ್ಚು ಹಾಲು ಕರೆಯುವ ಜಾತಿ ಯಾವುದು? ಇದು ಅರ್ಧ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಆ ಹಸುವನ್ನು ಎಂತಹ ಕೊಟ್ಟಿಗೆಯಲ್ಲಿ, ಎಂತಹ ಮೇವಿನಿಂದ ಸಾಕುವೆವೆಂಬುದನ್ನೂ ಕೂಡಿಸಿ ಕೇಳತಕ್ಕದ್ದು.

ಜಾತಿಯ ಗುಣ ಸುಳ್ಳಲ್ಲ. ಹಳ್ಳಿಕಾರ್ ರಾಸನ್ನು ನಮ್ಮ ಹಿರಿಯರು ನೇಗಿಲಿಗೂ ಗಾಡಿಗೂ ಆರಿಸಿ ಬೆಳೆಯಿಸಿದರೇ ಹೊರತು ಹಾಲಿಗಾಗಿಯಲ್ಲ. ಎಷ್ಟು ಹಿಂಡಿ ತಿನ್ನಿಸಿದರೂ ಅದು ಹಾಲೆಂಡ್ ಮೂಲದ ಹೋಲ್‌ಸ್ಟೀನ್ ಹಸುವಿನಷ್ಟು ಕರೆಯಲಾರದು. ಆದರೆ ಒಂದೇ ಜಾತಿಯ ಮಂದೆಯಲ್ಲಿ ಹಸುವಿಗೂ ಹಸುವಿಗೂ ಕಾಣುವ ಹಾಲಿನ ವ್ಯತ್ಯಾಸದಲ್ಲಿ ತಂದೆತಾಯಿಗಳಿಂದ ಬಂದುದು ಕಾಲು ಪಾಲು, ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದುದೆಲ್ಲ ಮೇವು, ನೀರು, ಹವೆ, ರೋಗ ಮತ್ತು ಸಾಕುವವನ ಕೈಗುಣದಿಂದ ಉಂಟಾಗುವುದು.

ಬೆಂಗಳೂರು ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿನ ಹವೆ ಸೀಮೆ ಹಸುಗಳಿಗೆ ಅಷ್ಟಾಗಿ ಪ್ರತಿಕೂಲವಲ್ಲ. 1923ರಲ್ಲಿಯೇ ಇಲ್ಲಿ ಹೈನುಗಾರಿಕೆಯ ಸಂಸ್ಥೆಯೊಂದು ಏರ್ಪಟ್ಟಿತು. ಸಮೀಪದ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರವೂ ಸ್ಥಾಪಿತವಾಯಿತು. ಹೀಗೆ ಒಳ್ಳೆಯ ಬೀಜ ಬಾಗಿಲಿಗೇ ಬಂದಿದೆ. ಬಾರದೆ ಹೋದುದು ನೆರಳು ಮತ್ತು ಹಸಿರು ಮೇವು. ಹೋಲ್‌ಸ್ಟೀನ್ ಹಸು 25-26 ಡಿಗ್ರಿಯ ಮೇಲೆ ಸೆಕೆ ತಾಳದೆ ಮೇವು ಕಡಿಮೆ ಮಾಡುವುದು. ಮೇವು ತಗ್ಗಿದರೆ ಹಾಲೂ ತಗ್ಗುವುದು, ಬೆದೆಯೂ ತಪ್ಪುವುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿ 34 ಡಿಗ್ರಿಯವರೆಗೂ ಏರುವುದುಂಟು. ತಗಡಿನ ಚಪ್ಪರದ ಕೆಳಗಂತೂ ಹೇಳತಕ್ಕದ್ದಿಲ್ಲ. ಅಲ್ಲಿ ನಾನೇ ಕಾಲು ಗಂಟೆ ನಿಲ್ಲಲಾರೆ. ಹೊಲಗಳು ಬಡಾವಣೆಗಳಾಗಿ, ಪೀಣ್ಯದ ಕಾರ್ಖಾನೆಗಳು ಸುತ್ತ ಬೆಳೆದ ಮೇಲೆ ಮೇಯುವ ಬಯಲೂ ಉಳಿಯಲಿಲ್ಲ. ಇಂತಹ ಕಡೆ ಸಾಲ ಮಾಡಿ ಭಾರಿ ಹಸುವನ್ನು ತಂದು, ಮೇವನ್ನೆಲ್ಲ ಕ್ರಯಕ್ಕೆ ಕೊಳ್ಳುವವನಿಗೆ ಹಾಲಿನ ಹಣ ಮೇವಿಗೇ ಸಾಲದು.

ಮತ್ತೊಂದು ತಪ್ಪು ಕಾಣದಂತೆ ನಡೆದಿದೆ. ನಾಟಿ ಹಸುವಿನ ಮೊದಲ ಮಿಶ್ರ ಕರುವಿನಲ್ಲಿ ಸೀಮೆ ರಕ್ತ ಅರ್ಧ ಪಾಲಿರುವುದು. ಅದಕ್ಕೂ ಶುದ್ಧ ಹೋಲ್‌ಸ್ಟೀನ್ ವೀರ್ಯವನ್ನೇ ಕೊಡಿಸಿದರೆ ಮುಂದಿನ ಕರುವಿನಲ್ಲಿ ಮುಕ್ಕಾಲು ಪಾಲಾಗುವುದು. ಹಾಲಿನ ಆಸೆ ಹೆಚ್ಚಿದಂತೆ ಸೆಕೆಯನ್ನೂ ಉಣ್ಣೆಯನ್ನೂ ತಾಳುವ ಶಕ್ತಿ ಕುಗ್ಗುವುದು. ಅರ್ಧದಿಂದ ಎಂಟರಲ್ಲಿ ಐದು ಪಾಲಿನವರೆಗೆ ನಿಲ್ಲಿಸುವುದೇ ನಮ್ಮ ದೇಶಕ್ಕೆ ಹಿತವೆಂದು ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆದುದರಿಂದ ಮಿಶ್ರ ತಳಿಯ ಹಸುವಿಗೆ ಮಿಶ್ರ ತಳಿಯ ಹೋರಿಯ ವೀರ್ಯವನ್ನೇ ಕೇಳಿ ಕೊಡಿಸಬೇಕು. ವೀರ್ಯದ ನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಗ್ರಾಮದ ಮುಖಂಡರು ಇಂತಹ ಪುಸ್ತಕವೊಂದನ್ನು ಹಾಲಿನ ಸಂಘದಲ್ಲಿ ಇಡಿಸಿದರೆ ಬಡ ರೈತನಿಗೂ ತನ್ನ ಕರುವಿನ ವಂಶ ತಿಳಿಯುವುದು. ಹಸು ಕೊಳ್ಳುವ ಮೊದಲು ಕೆಲವು ಗುಂಟೆ ಹಸಿರು ಮೇವನ್ನು ನೆಟ್ಟು, ತಗಡಿನ ಮೇಲೆ ಸೋಗೆ ಹೊದಿಸಲಿ.