ಸವೆತವೂ ಒಂದು ಪಾಠವೇ

ಹಳೆಯ ಅಶ್ವದಳಗಳ ಜೀನು, ಕಡಿವಾಣ, ರಿಕಾಬುಗಳನ್ನು ಸಂಗ್ರಹಿಸುವ ಹವ್ಯಾಸವು ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಇಂದು ಒಂದು ಪುಟ್ಟ ವಿದ್ವತ್ ಕ್ಷೇತ್ರವೇ ಆಗಿದೆ. ಹೊಲಿಗೆಯ ಬಗೆ, ಕೊಂಡಿಯ ಲೋಹ, ತಯಾರಕರ ಮುದ್ರೆ ಇವುಗಳಿಂದ ಕಾಲನಿರ್ಣಯ ಮಾಡಬಲ್ಲ ಸಂಗ್ರಾಹಕರ ಪರಿಶ್ರಮ ಲಿಪಿಶಾಸ್ತ್ರಜ್ಞರ ಪರಿಶ್ರಮಕ್ಕೆ ಕಡಿಮೆಯದಲ್ಲ. ಆದರೆ ಅವರಲ್ಲಿ ಕೆಲವರೂ, ಅವರಿಗೆ ಮಾರುವವರಲ್ಲಿ ಹಲವರೂ ರೂಢಿಸಿಕೊಂಡಿರುವ ಒಂದು ಅಭ್ಯಾಸವನ್ನು, ಗ್ರಂಥಸಂಪಾದನಶಾಸ್ತ್ರವನ್ನು ಪಾಠ ಹೇಳುವ ನಾನು ಒಪ್ಪಲಾರೆ. ಅದು ಹಳೆಯ ಜೀನನ್ನು ಎಣ್ಣೆ ಹಚ್ಚಿ, ಬಣ್ಣ ಕೊಟ್ಟು, ಹರಿದ ಪಟ್ಟಿಗಳನ್ನು ಬದಲಿಸಿ ಹೊಸದರಂತೆ ಮಾಡುವ ಅಭ್ಯಾಸ.

ಇದರಿಂದ ಅಳಿದುಹೋಗುವುದೇನು? ಅಮೆರಿಕದ ಮೆಕ್‌ಕ್ಲೆಲನ್ ಜೀನನ್ನೇ ನೋಡಬಹುದು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಯುರೋಪಿನ ಸೈನ್ಯಗಳನ್ನು ಕಂಡು ಬಂದ ಜಾರ್ಜ್ ಮೆಕ್‌ಕ್ಲೆಲನ್ ರೂಪಿಸಿದ ಈ ಜೀನನ್ನು ಅಲ್ಲಿನ ಸೈನ್ಯವು 1859ರಲ್ಲಿ ಅಂಗೀಕರಿಸಿತು. ಮರದ ಚೌಕಟ್ಟು, ಅದರ ಮೇಲೆ ಬಿಗಿದು ಹೊಲಿದ ಹದ ಮಾಡದ ಹಸಿತೊಗಲು, ನಡುವೆ ಕುದುರೆಯ ಬೆನ್ನುಮೂಳೆಗೆ ಸರಿಯಾಗಿ ಉದ್ದಕ್ಕೂ ಬಿಟ್ಟ ತೆರಪು. ಆ ತೆರಪು ಅಲಂಕಾರಕ್ಕಲ್ಲ. ಮೂಳೆಯ ಮೇಲೆ ಭಾರ ಬೀಳದಿರಲಿ, ಗಾಳಿಯಾಡಲಿ ಎಂಬುದಕ್ಕೆ. ಮಳೆಬಿಸಿಲಿಗೆ ಹಸಿತೊಗಲಿನ ಹೊಲಿಗೆ ಬಿರಿಯುತ್ತಿತ್ತು. ಬಿರಿದ ಅಂಚು ಸವಾರನ ತೊಡೆಗೆ ತಾಗುತ್ತಿತ್ತು. ಮುಂದೆ ಆ ಚೌಕಟ್ಟಿಗೆ ಹದ ಮಾಡಿದ ತೊಗಲಿನ ಹೊದಿಕೆ ಬಂದುದರ ಹಿಂದೆ ಈ ನೋವಿದೆ. ಬಿರುಕನ್ನು ಮುಚ್ಚಿ ಮೆರುಗು ಕೊಟ್ಟವನು ಆ ಬದಲಾವಣೆಯ ಕಾರಣವನ್ನೇ ಅಳಿಸಿದಂತಾಯಿತು.

ಬ್ರಿಟಿಷ್ ಸೈನ್ಯದ ಕಥೆ ಇನ್ನೂ ಕಠೋರವಾದುದು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಅರ್ ಯುದ್ಧದಲ್ಲಿ ಬ್ರಿಟಿಷರ ಕಡೆಯೇ 3 ಲಕ್ಷಕ್ಕೂ ಹೆಚ್ಚು ಕುದುರೆಗಳು ಸತ್ತವು. ಗುಂಡಿಗಿಂತ ಹಸಿವು, ರೋಗ, ಬಳಲಿಕೆಗಳಿಗೆ ಬಲಿಯಾದವೇ ಹೆಚ್ಚು. ದಂಡಯಾತ್ರೆಯಲ್ಲಿ ಕುದುರೆ ಬಡವಾದಂತೆ ಬೆನ್ನಿನ ಆಕಾರ ಬದಲಾಗುತ್ತದೆ. ಆಕಾರ ಬದಲಾಗದ ಜೀನು ಅಲ್ಲಿ ಹುಣ್ಣು ಮಾಡುತ್ತದೆ. 1912ರ ಮಾದರಿಯಲ್ಲಿ ಉಕ್ಕಿನ ಕಮಾನುಗಳಿಗೆ ಪಕ್ಕದ ಹಲಗೆಗಳನ್ನು ಕೀಲಿನ ಮೇಲೆ ಆಡುವಂತೆ ಜೋಡಿಸಿದ್ದು ಇದೇ ಕಾರಣಕ್ಕೆ. ಒಂದು ಕೀಲು ಒಂದು ಕಡೆಗೆ ಮಾತ್ರ ಸವೆದಿದ್ದರೆ ಅದು ಸೈನ್ಯದ ಯಾವ ಕಡತದಲ್ಲಿಯೂ ಹೆಸರಿಲ್ಲದ ಒಂದು ಪ್ರಾಣಿಯ ಬೆನ್ನಿನ ದಾಖಲೆ. ಅಂಥ ಕೀಲನ್ನು ಬಿಚ್ಚಿ ಬೇರೊಂದನ್ನು ಹಾಕಿದ ಸಂಗ್ರಾಹಕನಿಗೆ ಸಿಗುವುದು ಅಂದವಾದ ವಸ್ತು ಮಾತ್ರ.

ನಮ್ಮ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸಮಸ್ಯೆಯಲ್ಲ. ನಾಲ್ಕು ಓಲೆಪ್ರತಿಗಳಿಂದ ತನಗೆ ಹಿತವಾದ ಪಾಠಗಳನ್ನು ಆಯ್ದು, ಆಕರವನ್ನು ಹೇಳದೆ ಅಚ್ಚು ಮಾಡಿದ ಸಂಪಾದಕನನ್ನು ನಾವು ಕ್ಷಮಿಸುವುದಿಲ್ಲ. ಒಂದು ಮಾದರಿಯ ಚೌಕಟ್ಟು, ಇನ್ನೊಂದರ ರಿಕಾಬು, ನಿನ್ನೆ ಹೊಲಿದ ಹೊಟ್ಟೆಪಟ್ಟಿ ಸೇರಿದ ಜೀನೂ ಅಂಥ ಮಿಶ್ರಪಾಠವೇ. ಮುದ್ರೆಗಳನ್ನಾದರೂ ಸಂಗ್ರಾಹಕರು ಗೌರವಿಸುತ್ತಾರೆ: ಬ್ರಿಟಿಷ್ ಸರ್ಕಾರದ ಸ್ವತ್ತೆಂದು ಸೂಚಿಸುವ ಬಾಣದ ಗುರುತು, ಮೊನೆಗೆ ಮೊನೆ ತಾಗಿದ ಎರಡು ಬಾಣಗಳಿದ್ದರೆ ಸೇವೆಯಿಂದ ವಿಲೇವಾರಿಯಾದುದೆಂಬ ಅರ್ಥ. ಇದನ್ನು ಪುಷ್ಪಿಕೆಯಂತೆ ಓದಬಲ್ಲವರು ಸವೆತವನ್ನು ಮಾತ್ರ ಲಿಪಿಕಾರನ ಸ್ಖಾಲಿತ್ಯದಂತೆ ತಿದ್ದಹೊರಡುವುದು ವಿಚಿತ್ರ. ತೇಪೆ ಹಾಕಿದ ಸೈನಿಕನ ದಪ್ಪ ಹೊಲಿಗೆ ಕಾರ್ಖಾನೆಯ ಸಣ್ಣ ಹೊಲಿಗೆಗಿಂತ ಕಡಿಮೆ ಪ್ರಮಾಣವೇನೂ ಅಲ್ಲ.

ಹಳೆಯ ತೊಗಲನ್ನು ಉಳಿಸಬಾರದೆಂದು ನಾನು ಹೇಳುತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ತೊಗಲು ಮಲಿನ ಗಾಳಿಗೆ ಕೆಂಪು ಪುಡಿಯಾಗಿ ಉದುರುವುದುಂಟು. ಆ ರೋಗ ಹಿಂತಿರುಗುವಂಥದಲ್ಲ. ಅದನ್ನು ತಡೆಯುವುದು ಸಂರಕ್ಷಣೆ, ಹೊಳಪಿಸುವುದು ಬೇರೆ. ಎಣ್ಣೆ ಕುಡಿದ ತೊಗಲು ಕಪ್ಪಾಗಿ ಗುರುತುಗಳನ್ನೇ ನುಂಗುತ್ತದೆ.

ಇದರಿಂದ ಕನ್ನಡ ಸಂಶೋಧಕನಿಗೇನು ಎಂದು ಕೇಳುವವರಿದ್ದಾರೆ. ಪಲ್ಲಣ, ಪಕ್ಕರೆ, ಅಂಕವಣೆ, ವಾಘೆ: ಈ ಪದಗಳಿಗೆ ನಾವು ನಿಘಂಟು ನೋಡಿ ಅರ್ಥ ಬರೆದು ಮುಂದೆ ಸಾಗುತ್ತೇವೆ. ಪಲ್ಲಣವನ್ನು ಬಿಗಿಯುವುದೆಂದರೆ ಯಾವ ಪಟ್ಟಿಯನ್ನು ಎಲ್ಲಿ ಎಳೆಯುವುದು ಎಂಬುದನ್ನು ಕಂಡ ಅಧ್ಯಾಪಕರು ವಿರಳ. ವೀರಗಲ್ಲಿನ ಕುದುರೆಯನ್ನು ‘ಅಶ್ವಾರೋಹಿ ವೀರ’ ಎಂದು ವಿವರಿಸಿ ಮುಗಿಸುವ ಪ್ರಬಂಧಗಳು ಎಷ್ಟಿಲ್ಲ! ತೊಗಲು ಉಳಿಯದ ನಾಡಿನಲ್ಲಿ ಕಲ್ಲು ಕಡೆದ ಪಟ್ಟಿಯನ್ನು ಓದಲು, ಬೇರೆ ಕಾಲದ್ದಾದರೂ ನಿಜವಾದ ಒಂದು ಜೀನು ಕಣ್ಣೆದುರಿಗಿರುವುದು ಒಳ್ಳೆಯದು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರೊಡನೆ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ನಮ್ಮವರೇ. ಅವರ ಶೌರ್ಯದ ಬಗೆಗೆ ಭಾಷಣಗಳು ಸಾಕಷ್ಟಾಗಿವೆ. ಅವರ ಕುದುರೆಗಳ ಬಗೆಗೆ ನಾನು ಕೇಳಿಲ್ಲ.

ತೊಗಲಿನ ವಸ್ತುವನ್ನು ಮನೆಯೊಳಗಿಡಲು ಜೈನರಲ್ಲಿ ಹಲವರಿಗೆ ಇರುವ ಸಂಕೋಚ ನನಗೂ ಇದೆ. ಆದರೆ ಕುದುರೆಯ ಪಕ್ಷದಿಂದ ಈ ಸಲಕರಣೆಯನ್ನು ನೋಡಲು ಕಲಿಸಿದ್ದೂ ಜೈನ ಕಥನವೇ. ಶ್ವೇತಾಂಬರ ಆಗಮವಾದ ‘ನಾಯಾಧಮ್ಮಕಹಾಓ’ದ ಹದಿನೇಳನೆಯ ಅಧ್ಯಯನದಲ್ಲಿ ಕಾಲಿಯ ದ್ವೀಪದ ಕಾಡುಕುದುರೆಗಳ ಕಥೆ ಬರುತ್ತದೆ. ಇಂಪಾದ ನಾದ, ಪರಿಮಳ, ಸಿಹಿಗಳಿಗೆ ಮರುಳಾಗಿ ಹತ್ತಿರ ಬಂದವು ಸಿಕ್ಕಿಬಿದ್ದು ಕಟ್ಟು, ಏಟುಗಳಿಂದ ಪಳಗುತ್ತವೆ. ದೂರ ಸರಿದವು ಸ್ವತಂತ್ರವಾಗಿ ಉಳಿಯುತ್ತವೆ. ಇಂದ್ರಿಯನಿಗ್ರಹದ ದೃಷ್ಟಾಂತವೆಂದೇ ಇದನ್ನು ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ಬಂಧನ ಕುದುರೆಯ ಮೈಗೆ ಏನು ಮಾಡುತ್ತದೆ ಎಂದು ಬಲ್ಲವನಿಗೆ ಮಾತ್ರ ಆ ದೃಷ್ಟಾಂತ ಹೊಳೆದೀತು.

ಆದ್ದರಿಂದ ಹಳೆಯ ಮನೆಗಳಲ್ಲಿಯೋ ಗುಜರಿಯಲ್ಲಿಯೋ ಜೀನೊಂದು ಕಂಡರೆ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಮೊದಲು ಒರೆಸಬಾರದು. ನಾಲ್ಕೂ ಕಡೆಯಿಂದ, ಕೊನೆಗೆ ತಲೆಕೆಳಗು ಮಾಡಿಯೂ ಚಿತ್ರ ತೆಗೆಯಬೇಕು. ಎಲ್ಲಿ, ಯಾರ ಬಳಿ ದೊರೆಯಿತೆಂದು ಅಂದೇ ಬರೆದಿಡಬೇಕು. ತುಂಡಾದ ಪಟ್ಟಿಯನ್ನು ಎಸೆಯದೆ ಹತ್ತಿಬಟ್ಟೆಯಲ್ಲಿ ಸುತ್ತಿ ಜೀನಿನ ಜೊತೆಯಲ್ಲಿಯೇ ಇಡಬೇಕು. ಕಡಿವಾಣವಿದ್ದರೆ ತುಕ್ಕು ತೆಗೆಯುವ ಮುನ್ನ ಬಾಯೊಳಗೆ ಹೋಗುವ ಕಂಬಿಯನ್ನು ಬೆಳಕಿಗೆ ಹಿಡಿದು ನೋಡಬೇಕು; ಹಲ್ಲಿನ ಗುರುತು ಅಲ್ಲಿಯೇ ಇರುತ್ತದೆ.