ಸಾಯದ ಮೀನಿನ ಸಾಕ್ಷಿ

ಹೊಳೆಯಲ್ಲಿ ಮೀನು ಸತ್ತು ತೇಲಿದರೆ ಮಾತ್ರ ನೀರು ಕೆಟ್ಟಿದೆ ಎಂದು ನಾವು ಒಪ್ಪುತ್ತೇವೆ. ಅಧಿಕಾರಿಗಳು ಬರುತ್ತಾರೆ, ಬಾಟಲಿಯಲ್ಲಿ ನೀರು ಹಿಡಿದು ಒಯ್ಯುತ್ತಾರೆ. ಮೀನು ಈಜಾಡುತ್ತಿದ್ದರೆ ಯಾರಿಗೂ ಚಿಂತೆಯಿಲ್ಲ. ಈ ಅಳತೆಗೋಲೇ ತಪ್ಪು. ಆಲಂಕಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರ ದಶಕದಿಂದ ಸುಮಾರು 2000ದವರೆಗೆ ಆಲಂಕಾರು, ಕೊಕ್ಕಡ, ಪಟ್ರಮೆ ಕಡೆಯ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಚಿಗುರು, ಹೂಗೊಂಚಲಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕೆ. ಗೇರು ಇರುವುದು ಗುಡ್ಡದಲ್ಲಿ. ಮನೆ, ಬಾವಿ, ಕೆರೆ, ಅಡಿಕೆ ತೋಟ ಎಲ್ಲ ಅದರ ಬುಡದಲ್ಲಿ. ಆಲಂಕಾರಿನ ಗುಡ್ಡಕ್ಕೆ ಬಿದ್ದ ಮಳೆ ತೋಡು ಹಿಡಿದು ಕುಮಾರಧಾರೆಗೆ ಇಳಿಯುತ್ತದೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ತುಂಬೆಯ ಅಣೆಕಟ್ಟಿನಿಂದ ಮಂಗಳೂರು ಕುಡಿಯುವುದೂ ಅದೇ ನೀರನ್ನು.

ಎಂಡೋಸಲ್ಫಾನ್ ಮೀನಿಗೆ ಘೋರ ವಿಷ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಹಲವು ಜಾತಿಗಳು ಸಾಯುತ್ತವೆ. ಅದಕ್ಕಿಂತ ಕಡಿಮೆಯಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಯೇ ನಮ್ಮನ್ನು ಕೆಡಿಸಿದ್ದು. ಎಂಡೋಸಲ್ಫಾನ್ ಗಂಡುಹೆಣ್ಣುಗಳ ಬೆಳವಣಿಗೆ ನಡೆಸುವ ಸ್ಟೀರಾಯ್ಡ್ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುತ್ತದೆ. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 117 ಹುಡುಗರನ್ನು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಆ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಟೆಸ್ಟೊಸ್ಟೆರೋನ್ ಕಡಿಮೆಯಿತ್ತು. ಬದುಕಿದ್ದಾರೆ ಎಂದ ಮಾತ್ರಕ್ಕೆ ಅವರಿಗೆ ಏನೂ ಆಗಿಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು?

ಸಾಯದಿದ್ದರೂ ಕೇಡು ಆಗುತ್ತದೆ ಎಂಬುದನ್ನು ಮೀನಿನ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಕೆನಡಾದ ಒಂದು ಪ್ರಯೋಗ. ಒಂಟಾರಿಯೊದ ಪುಟ್ಟ ಸರೋವರವೊಂದಕ್ಕೆ 2001ರಿಂದ ಮೂರು ಬೇಸಿಗೆ, ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೋಜನ್ ಸೇರಿಸಿದರು. ಲೀಟರಿಗೆ ಐದಾರು ನ್ಯಾನೋಗ್ರಾಂ ಅಷ್ಟೇ. ಹೆಣ್ಣು ಮೀನು ಮೊಟ್ಟೆಗಾಗಿ ತಯಾರಿಸುವ ವೈಟೆಲೊಜೆನಿನ್ ಎಂಬ ಪ್ರೋಟೀನು ಗಂಡು ಮೀನುಗಳ ಮೈಯಲ್ಲೂ ತುಂಬಿಕೊಂಡಿತು. ಮೀನುಗಳು ರಾಶಿಯಾಗಿ ಸತ್ತು ತೇಲಲಿಲ್ಲ. ಮರಿಗಳು ಕಾಣದಾದವು, ಅಷ್ಟೆ. ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ಬಹುಮಟ್ಟಿಗೆ ಅಳಿದೇಹೋಯಿತು.

ಎಂಡೋಸಲ್ಫಾನ್ ಮೇಲೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೊಯಿಲ, ಕೊಕ್ಕಡದ ಪಾಲನಾ ಕೇಂದ್ರಗಳಲ್ಲಿ ಸಂತ್ರಸ್ತರ ಆರೈಕೆ ನಡೆದೇ ಇದೆ. ಹೊಳೆಗೆ ಬೇರೆ ಕೀಟನಾಶಕ, ಪಟ್ಟಣಗಳ ಕೊಳಚೆ, ಅದರೊಂದಿಗೆ ಔಷಧಿಯ ಉಳಿಕೆ ಸೇರುವುದು ನಿಂತಿಲ್ಲ. ಕೋಲಿಫಾರ್ಮ್ ಎಷ್ಟು, ಆಮ್ಲಜನಕ ಎಷ್ಟು ಎಂದು ನೋಡುವ ಮಾಮೂಲಿ ಪರೀಕ್ಷೆಗೆ ಈ ಕೀಟನಾಶಕ, ಔಷಧಿಯ ಉಳಿಕೆ ಸಿಕ್ಕುವುದಿಲ್ಲ.

ಎಲ್ಲ ರಾಸಾಯನಿಕವನ್ನೂ ಒಂದೊಂದಾಗಿ ಅಳೆಯಲು ದುಡ್ಡೆಲ್ಲಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೊಳೆಯಲ್ಲೇ ಇದೆ: ಗಂಡು ಮೀನಿನ ರಕ್ತದಲ್ಲಿ ವೈಟೆಲೊಜೆನಿನ್ ಇದೆಯೇ ನೋಡಿದರೆ ನೀರಿನಲ್ಲಿ ಈಸ್ಟ್ರೋಜನ್‌ನಂತೆ ವರ್ತಿಸುವ ವಸ್ತುವಿದೆಯೋ ಇಲ್ಲವೋ ತಿಳಿಯುತ್ತದೆ. ಶಿಶಿಲದಲ್ಲಿ ದೇವರ ಮೀನಿಗೆ ಭಕ್ತಿಯಿಂದ ಅಕ್ಕಿ ಹಾಕುವ ಜಿಲ್ಲೆ ನಮ್ಮದು. ಮೀನಿನ ಮೈಯೊಳಗೆ ಏನಾಗುತ್ತಿದೆ ಎಂದು ಕೇಳುವುದೂ ನಮ್ಮ ಕರ್ತವ್ಯವೇ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ. ಬೇಸಿಗೆಯ ಕೊನೆಗೊಮ್ಮೆ, ಮೊದಲ ಮಳೆಯ ನಂತರ ಇನ್ನೊಮ್ಮೆ ಕುಮಾರಧಾರೆಯ ಮೀನನ್ನು ಪರೀಕ್ಷಿಸಿ, ಫಲಿತಾಂಶವನ್ನು ದಡದ ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಲಿ. ಗ್ರಾಮಸಭೆಯಲ್ಲಿ ಇದನ್ನು ನೀವೇ ಎದ್ದುನಿಂತು ಕೇಳಿ.